ನೀಲತ್ತಿಯ ಹುಳ್ಳಿಕಟ್ಟು

ಮೊನ್ನೆ ಸಂಜೆ ನನ್ನ ಸೊಸೆ ಅಡಿಗೆಮನೆಯಲ್ಲಿ ರಂಜಕದ ಭರಣಿಯ ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿದಳು. ನಾನು ಹೊರಗಿನ ಕೋಣೆಯಲ್ಲಿ ಶಾಲು ಹೊದ್ದು, ಮೊಣಕಾಲ ನೋವನ್ನೂ ಥಂಡಿಯನ್ನೂ ಒಟ್ಟಿಗೇ ಬೈಯುತ್ತ ಕೂತಿದ್ದೆ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬಳ್ಳೊಳ್ಳಿ, ಉಪ್ಪು, ಹುಣಸೆಹಣ್ಣಿನ ಜೊತೆ ಹಸಿಯಾಗಿಯೇ ಕುಟ್ಟಿ ಕೆಲ ದಿನ ಮುಚ್ಚಿಟ್ಟರೆ ಅದಕ್ಕೊಂದು ವಾಸನೆ ಬರುತ್ತದೆ. ನೀವು ನಮ್ಮ ಕಡೆಯವರಾದರೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಮೊದಲು ಮೂಗಿಗೆ ಬರುತ್ತದೆ, ಆಮೇಲೆ ನಾಲಿಗೆಯ ಬದಿಗಳಿಗೆ ಇಳಿದು ಬಾಯಲ್ಲಿ ನೀರು ತರಿಸುತ್ತದೆ. ನನಗೆ ಮಾತ್ರ ಬಾಯಲ್ಲಿ ಬರಬೇಕಾದ ನೀರು ಕಣ್ಣಲ್ಲಿ ಬಂತು. ಖಾರದ ಘಾಟಿಗೆ ಇರಬೇಕು ಅಂದಳು ಸೊಸೆ. ನಾನೂ ಹೂಂ ಅಂದೆ.

ನಮ್ಮ ಮನೆ ಇದ್ದದ್ದು ರೋಣದ ಹತ್ತಿರದ ಸವಡಿಯಲ್ಲಿ. ನಮ್ಮ ಸೀಮೆಗೆ ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಸುಮಾರಿನ ಮಾತಿದು. ಮಣ್ಣಿನ ಮಾಳಿಗೆ, ಆಳೆತ್ತರದ ಗೋಡೆಗಳು, ಎತ್ತುಗಳೂ ನಾವೂ ಒಂದೇ ಬಾಗಿಲಿನಿಂದ ಒಳಗೆ ಬರುವ ಮನೆ. ಈಗ ಅಲ್ಲಿ ಯಾರದೋ ಸಿಮೆಂಟಿನ ಮನೆ ನಿಂತಿದೆ. ಅಜ್ಜ, ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ಅಕ್ಕ ನೀಲವ್ವ, ಇಷ್ಟೇ ಮಂದಿ. ನೀಲವ್ವನನ್ನು ನಾನು ನೀಲತ್ತಿ ಅನ್ನುತ್ತಿದ್ದೆ. ಅವಳನ್ನು ಚಿಕ್ಕನರಗುಂದಕ್ಕೆ ಕೊಟ್ಟಿದ್ದರಂತೆ. ಗಂಡ ತೀರಿಕೊಂಡ ಮೇಲೆ ಅಜ್ಜನೇ ಹೋಗಿ ಕರೆದುಕೊಂಡು ಬಂದಿದ್ದ. ತವರಿಗೆ ಹಾಗೆ ತಿರುಗಿ ಬಂದ ಹೆಣ್ಣುಮಗಳಿಗೆ ಮನೆಯಲ್ಲಿ ಎಲ್ಲವೂ ಇರುತ್ತದೆ, ಇದು ನನ್ನದು ಅನ್ನಲಿಕ್ಕೆ ಒಂದು ಮೂಲೆ ಇರುವುದಿಲ್ಲ. ನೀಲತ್ತಿ ಆ ಮೂಲೆಯನ್ನು ತಾನೇ ಮಾಡಿಕೊಂಡಿದ್ದಳು. ಮುಂಜಾನೆಯ ರೊಟ್ಟಿ ಅವ್ವನದು, ಸಂಜೆಯ ಒಲೆ ನೀಲತ್ತಿಯದು. ಸೊಸೆಯಾಗಿ ಬಂದ ದಿನದಿಂದ ಅವ್ವ ಸಂಜೆಯ ಸೌಟು ಮುಟ್ಟಿದವಳಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಕುಸುಬಿ ಮುಳ್ಳು ಬಲಿತು, ಜೋಳದ ಹೊಲದ ಮೇಲಿಂದ ಥಂಡಿ ಗಾಳಿ ಹೊಡೆಯುವ ದಿನಗಳಲ್ಲಿ ಆ ಒಲೆಯ ಮೇಲೆ ಹುಳ್ಳಿಕಟ್ಟು ಕುದಿಯುತ್ತಿತ್ತು. ಹುರುಳಿಕಾಳಿಗೆ ನಮ್ಮಲ್ಲಿ ಹುಳ್ಳಿ ಅನ್ನುತ್ತಾರೆ. ಬೇರೆ ಮನೆಗಳಲ್ಲಿ ಕಾಳು ಬೇಯಿಸಿದ ನೀರನ್ನಷ್ಟೇ ಬಸಿದು ಕಟ್ಟು ಮಾಡುತ್ತಿದ್ದರು. ನೀಲತ್ತಿಗೆ ಅದು ಜ್ವರ ಬಂದವರ ಊಟ. ಅವಳು ಅರ್ಧ ಕಾಳನ್ನು ಹಾಗೇ ಬಿಟ್ಟು, ಇನ್ನರ್ಧವನ್ನು ಒಣಕೊಬ್ಬರಿ, ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಹುಚ್ಚೆಳ್ಳು ಅನ್ನುತ್ತಾರಲ್ಲ, ಆ ಹುರಿದ ಗುರೆಳ್ಳಿನ ಜೊತೆ ಅರೆದು ಮತ್ತೆ ಗಡಿಗೆಗೆ ಸೇರಿಸುತ್ತಿದ್ದಳು. ಆಮೇಲೆ ಕುಸುಬಿ ಎಣ್ಣೆ ಕಾಯಿಸಿ ಜಜ್ಜಿದ ಬಳ್ಳೊಳ್ಳಿ ಹಾಕಿ, ಅದು ಕೆಂಪಾಗುವ ಹೊತ್ತಿಗೆ ಒಂದು ಚಮಚೆ ರಂಜಕ ಬಿಟ್ಟರೆ, ಚುರ್ ಅಂತ ಎದ್ದ ವಾಸನೆ ಪಡಸಾಲೆ ದಾಟಿ, ಎತ್ತಿನ ಗೋದಲಿ ದಾಟಿ ಓಣಿಗೆ ಹೋಗುತ್ತಿತ್ತು. ಓಣಿಯಲ್ಲಿ ಆಡುತ್ತಿದ್ದ ನಾವು ಆಟ ಬಿಟ್ಟು ಒಳಗೆ ಓಡುತ್ತಿದ್ದದ್ದು ಆ ವಾಸನೆಗೇ. ಕತ್ತಲಾಯಿತೆಂದು ಯಾವ ಮಕ್ಕಳೂ ಮನೆಗೆ ಬರುವುದಿಲ್ಲ. ಬಿಸಿ ರೊಟ್ಟಿಯನ್ನು ಮುರಿದು ಅದರಲ್ಲಿ ನೆನೆಸಿಕೊಂಡು, ಮೂಗು ಸುರಿಸುತ್ತ, ಬೆಣ್ಣೆ ಬೇಡುತ್ತ ಉಂಡರೆ ಅಂಗಾಲಿನವರೆಗೆ ಬೆಚ್ಚಗಾಗುತ್ತಿತ್ತು. ಅಜ್ಜ ಉಂಡು ಕೈತೊಳೆದ ಮೇಲೂ ಸ್ವಲ್ಪ ಹೊತ್ತು ತಾಟಿನ ಮುಂದೆ ಹಾಗೇ ಕೂತಿರುತ್ತಿದ್ದ.

ನಮ್ಮ ಮನೆಯಲ್ಲಿ ಎರಡು ಕಟ್ಟಳೆಗಳಿದ್ದವು, ಅವುಗಳನ್ನು ನಿಮಗೆ ಹೇಳಲೇಬೇಕು. ಒಂದು, ಜಗಲಿಯ ಮೇಲಿನ ದೇವರಿಗೆ ಎಡೆ ಹಿಡಿಯುವ ಮೊದಲು ಅಡಿಗೆಯನ್ನು ಯಾರೂ ನಾಲಿಗೆಗೆ ಹಚ್ಚುವಂತಿಲ್ಲ, ಮಾಡಿದವಳು ಕೂಡ. ಹೀಗಾಗಿ ನೀಲತ್ತಿ ಉಪ್ಪು ಖಾರ ನೋಡುತ್ತಿದ್ದದ್ದು ಮೂಗಿನಿಂದ. ಗಡಿಗೆಯ ಮೇಲೆ ಬಾಗಿ, ಸೆರಗಿನಿಂದ ಉಗಿಯನ್ನು ಮುಖದ ಕಡೆ ಬೀಸಿಕೊಂಡು, ಕಣ್ಣು ಮುಚ್ಚಿ, "ಉಪ್ಪು ಇನ್ನೂ ಹತ್ತಿಲ್ಲ" ಅನ್ನುತ್ತಿದ್ದಳು. ಉಪ್ಪಿಗೆ ಎಂಥ ವಾಸನೆಯೋ ನನಗೆ ಇವತ್ತಿಗೂ ತಿಳಿಯದು, ಆದರೆ ಅವಳ ಮಾತು ತಪ್ಪಿದ್ದಿಲ್ಲ. ಇನ್ನೊಂದು, ಉಣ್ಣುವಾಗ ಅನ್ನಕ್ಕೆ ಹೆಸರಿಡಬಾರದು. ಸಪ್ಪಗಿರಲಿ, ಉಪ್ಪಾಗಿರಲಿ, ತಾಟಿನ ಮುಂದೆ ಕೂತವರು ಚಲೋ ಆಗೈತಿ ಅನ್ನಬೇಕು, ಇಲ್ಲವೇ ಸುಮ್ಮನಿರಬೇಕು. ಇದು ಅಜ್ಜನ ಮಾತು, ಅವನ ಅಪ್ಪನ ಮಾತೂ ಹೌದಂತೆ. ಮಾಡುವವರು ರುಚಿ ನೋಡುವಂತಿಲ್ಲ, ಉಣ್ಣುವವರು ಬಾಯಿ ಬಿಡುವಂತಿಲ್ಲ. ಇಂಥ ಮನೆಯಲ್ಲಿ ಒಂದು ತಪ್ಪು ಹೊಕ್ಕರೆ ಅದು ಹೊರಗೆ ಹೋಗುವ ದಾರಿ ಯಾವುದು? ನೀಲತ್ತಿಯ ಮೂಗು ಚೆನ್ನಾಗಿದ್ದಷ್ಟು ಕಾಲ ಅದನ್ನು ಯೋಚಿಸುವ ಗರಜು ಯಾರಿಗೂ ಬಿದ್ದಿರಲಿಲ್ಲ.

ಆ ವರ್ಷ ಶೀಗಿ ಹುಣ್ಣಿಮೆಯ ಮುಂದೆ ನೀಲತ್ತಿಗೆ ಕೆಟ್ಟ ನೆಗಡಿ, ಜ್ವರ ಬಂದವು. ಆ ದಿನಗಳಲ್ಲಿ ಸಂಜೆಗೂ ಮುಂಜಾನೆಯ ರೊಟ್ಟಿ, ಮಜ್ಜಿಗೆಯೇ ಆಯಿತು. ಎದ್ದಳು, ಗುಣವಾಯಿತು, ಒಲೆಯ ಮುಂದೆ ಬಂದು ಕೂತಳು. ಮೊದಲ ಸಂಜೆಯ ಕಟ್ಟು ಸ್ವಲ್ಪ ಖಾರ ಅನ್ನಿಸಿತು. ಮರುದಿನ ಇನ್ನೂ ಖಾರ. ಎಲ್ಲರದೂ ಆದ ಮೇಲೆ ಉಣ್ಣಲು ಕೂತ ನೀಲತ್ತಿ ಎರಡು ತುತ್ತು ತಿಂದು ತಲೆ ಅಲ್ಲಾಡಿಸುತ್ತಿದ್ದಳು. "ಈ ಸಲದ ಮೆಣಸಿನಕಾಯಿಗೆ ಜೀವಾನ ಇಲ್ಲ ನೋಡು ಶಾಂತಾ. ಬಳ್ಳೊಳ್ಳಿನೂ ಹಂಗ, ಬರೇ ಸಿಪ್ಪಿ," ಅನ್ನುತ್ತಿದ್ದಳು ಅವ್ವನಿಗೆ. ಅವಳಿಗೆ ವಾಸನೆ ಹೋಗಿತ್ತು. ವಾಸನೆ ಹೋದ ಬಾಯಿಗೆ ಕೊಬ್ಬರಿ, ಗುರೆಳ್ಳು, ಉಳ್ಳಾಗಡ್ಡಿ ಎಲ್ಲವೂ ಒಂದೇ ಮಣ್ಣು. ಖಾರದ ಉರಿಯೊಂದೇ ಅಷ್ಟಿಷ್ಟು ಗೊತ್ತಾಗುತ್ತದೆ. ಅದನ್ನೇ ಹಿಡಿದುಕೊಂಡು ಅವಳು ದಿನಕ್ಕಿಷ್ಟು ರಂಜಕ ಹೆಚ್ಚು ಹಾಕುತ್ತ ಹೋದಳು. ಇದೆಲ್ಲ ನಾನು ದೊಡ್ಡವಳಾದ ಮೇಲೆ ಕೂಡಿಸಿಕೊಂಡ ತಿಳುವಳಿಕೆ. ಆಗ ನನಗೆ ಗೊತ್ತಿದ್ದದ್ದು ತುಟಿ ಉರಿಯುತ್ತದೆ ಅನ್ನುವುದಷ್ಟೇ.

ಅಪ್ಪನನ್ನು ಅವಳು ಗಜೇಂದ್ರಗಡದ ಸಂತೆಗೆ ಓಡಿಸಿದಳು. "ತಮ್ಮಾ, ಖಾರ ಇರೂ ಕಾಯಿ ನೋಡಿ ತಾ. ನಿನಗ ಬಣ್ಣ ತೋರಿಸಿ ಮಾರತಾರ ಅವರು." ಅಪ್ಪ ಹೂಂ ಅಂದು ಹೋಗಿ, ಕಣ್ಣಲ್ಲಿ ನೀರು ತರಿಸುವಂಥ ಕಾಯಿ ತಂದ. ಯಾಕೆ ತಂದೆ ಎಂದು ಅವ್ವ ಕೊಟ್ಟಿಗೆಯಲ್ಲಿ ಮೆಲ್ಲಗೆ ಕೇಳಿದಾಗ, "ಮತ್ತೇನ ಮಾಡ್ಲಿ ಹೇಳು?" ಅಂದ. ಅವ್ವ ಒಂದು ಉಪಾಯ ಮಾಡಿ ರಂಜಕದ ಭರಣಿಯನ್ನು ಮೇಲಿನ ನೆಲುವಿಗೆ ಏರಿಸಿದಳು. ನೀಲತ್ತಿ ಪಾಪ, ಇಲಿಯ ಕಾಟಕ್ಕೆ ಇಟ್ಟಿರಬೇಕೆಂದು ತಿಳಿದು ಮೆಚ್ಚಿಕೊಂಡು ಭರಣಿ ಇಳಿಸಿಕೊಂಡಳು. ಅಜ್ಜನಿಗೆ ಮೊದಲೇ ಹೊಟ್ಟೆಯುರಿ. ಅವನು ತುತ್ತಿಗೊಮ್ಮೆ ಮಜ್ಜಿಗೆ ಕುಡಿದು, ಬೆವರು ಒರೆಸಿಕೊಂಡು, "ಚಲೋ ಆಗೈತಿ ನೀಲಾ," ಅನ್ನುತ್ತಿದ್ದ. ನೀಲತ್ತಿಯ ಮುಖ ಅರಳುತ್ತಿತ್ತು. ನನಗೆ ಅಳು ಬಂದರೆ ಅವ್ವ ತಾಟಿನ ಮರೆಯಿಂದ ನನ್ನ ತೊಡೆ ಚಿವುಟುತ್ತಿದ್ದಳು.

ಯಾರಾದರೂ ಒಬ್ಬರು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವುದು ಸರಳ. ಆದರೆ ಹೇಳಿದ ಮರುದಿನ ಸಂಜೆ ನೀಲತ್ತಿ ಎಲ್ಲಿ ಕೂಡಬೇಕು? ಆ ಒಲೆ ಬಿಟ್ಟರೆ ಇಡೀ ಮನೆಯಲ್ಲಿ ಅವಳ ಮಾತು ನಡೆಯುವ ಜಾಗ ಇನ್ನೊಂದಿರಲಿಲ್ಲ. ಅದು ಅಜ್ಜನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಅವ್ವನಿಗೆ ಗೊತ್ತಿತ್ತು. ಹೇಳಿದರೆ ಸೌಟು ಬರುವುದು ಅವ್ವನ ಕೈಗೇ, ಅದನ್ನು ಕಸಿದುಕೊಂಡಳು ಅನ್ನಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಹೀಗಾಗಿ ಆ ಚಳಿಗಾಲವಿಡೀ ನಾವು ಬೆಂಕಿ ಉಂಡೆವು, ಉಂಡು ಚಲೋ ಆಗೈತಿ ಅಂದೆವು.

ಎಳ್ಳಮಾವಾಸ್ಯೆ ಕಳೆದ ಒಂದು ಸಂಜೆ. ಥಂಡಿ ಬಹಳ ಇತ್ತು, ದೀಪ ಹಚ್ಚಿ ಆಗಿತ್ತು. ನಾನು ಅಜ್ಜನ ಕಂಬಳಿಯೊಳಗೆ ಕೂತಿದ್ದೆ. ಮೊದಲು ತಲೆ ಎತ್ತಿದವನು ಅಜ್ಜ. ಕಾಳು ಸೀಯುವ ವಾಸನೆ. ಅವ್ವ ಹಿತ್ತಲಿಂದ ಓಡಿ ಬಂದವಳು ಅಡಿಗೆಮನೆಯ ಹೊಸ್ತಿಲಲ್ಲಿ ಗಕ್ಕನೆ ನಿಂತಳು. ಅಪ್ಪ ಬಂದು ಅವಳ ಹಿಂದೆ ನಿಂತ. ನಾನು ಅವರಿಬ್ಬರ ನಡುವೆ ತೂರಿ ನೋಡಿದೆ. ಗಡಿಗೆಯಿಂದ ಎದ್ದ ಹೊಗೆ ಒಲೆಯ ಹೊಗೆಯಲ್ಲಿ ಬೆರೆತು ಮೇಲಿನ ಬೆಳಕಿಂಡಿಗೆ ಹೋಗುತ್ತಿತ್ತು. ನೀಲತ್ತಿ ಅದರ ಪಕ್ಕದಲ್ಲೇ ಗೋಡೆಗೆ ಒರಗಿ, ಮೊರದಲ್ಲಿ ನಾಳೆಯ ಕಾಳು ಆರಿಸುತ್ತ, ಏನನ್ನೋ ಮೆಲ್ಲಗೆ ಗುಣುಗುತ್ತಿದ್ದಳು. ಅಷ್ಟು ನಿಶ್ಚಿಂತೆಯಿಂದ ಕೂತವಳನ್ನು ನಾನು ಆಮೇಲೆ ನೋಡಿಲ್ಲ. ಅಷ್ಟು ಹೊತ್ತಿಗೆ ಅಜ್ಜನೂ ಕೋಲೂರಿಕೊಂಡು ಬಂದು ನಿಂತಿದ್ದ. ಯಾರಿಗೂ ಒಂದು ಹೆಜ್ಜೆ ಮುಂದಿಡಲು ಆಗಲಿಲ್ಲ, ತಿರುಗಿ ಹೋಗಲೂ ಆಗಲಿಲ್ಲ.

ಅವಳು ತಲೆ ಎತ್ತಿದಳು. "ಯಾಕ? ಎಲ್ಲಾರೂ ಯಾಕ ಹಂಗ ನಿಂತೀರಿ?"

ಅವ್ವನೇ ಕಡೆಗೆ ಬಾಯಿ ಬಿಟ್ಟಳು. "ತಳ ಹತ್ತೈತ್ರಿ ಅಕ್ಕಾರ."

ನೀಲತ್ತಿ ಮೊರ ಬದಿಗಿಟ್ಟಳು. ಗಡಿಗೆಯ ಮೇಲೆ ಬಾಗಿ, ಯಾವಾಗಿನಂತೆ ಸೆರಗಿನಿಂದ ಉಗಿ ಬೀಸಿಕೊಂಡು ಕಣ್ಣು ಮುಚ್ಚಿದಳು. ಮತ್ತೆ ಬೀಸಿಕೊಂಡಳು. ಸೌಟು ಹಾಕಿ ತಳ ಕೆದರಿದಳು, ಕರ್ರಗೆ ಸುಟ್ಟ ಕಾಳು ಮೇಲೆ ಬಂತು. ಅದನ್ನು ಮೂಗಿನ ಹತ್ತಿರ ಹಿಡಿದಳು. ಮುಂದೆ ಅವಳು ಕೇಳಿದ್ದು ಅವ್ವನನ್ನು.

"ಯಾವಾಗಿಂದ, ಶಾಂತಾ?"

"ನಿಮಗ ಜ್ವರ ಬಂದು ಹೋತಲ್ರಿ, ಆವಾಗಿಂದ."

"ಎಲ್ಲಾರೂ ಉಂಡ್ರಿ?"

"ಉಂಡಿವ್ರಿ."

ಅಜ್ಜ ಆ ಸಂಜೆ ಸೀದ ಕಟ್ಟನ್ನೇ ಹಾಕಿಸಿಕೊಂಡು ಉಂಡ. ಉಂಡು, "ಚಲೋ ಆಗೈತಿ ನೀಲಾ," ಅಂದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜನಿಗೆ ಬೇರೆ ಮಾತು ಗೊತ್ತಿರಲಿಲ್ಲ. ತನ್ನ ಕಟ್ಟಳೆಯಲ್ಲಿ ತಾನೇ ಸಿಕ್ಕಿಬಿದ್ದಿದ್ದ ಮುದುಕ.

ಅಪ್ಪ ಗಾಡಿ ಕಟ್ಟಿ ಅವಳನ್ನು ರೋಣದ ದವಾಖಾನಿಗೆ ಕರೆದೊಯ್ದ. ಡಾಕ್ಟರು ಮೂಗಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಹನಿ ಔಷಧ ಕೊಟ್ಟು, ಬಂದರೆ ಬರಬಹುದು ಅಂದರಂತೆ. ಬಂದರೆ ಬರಬಹುದು ಅನ್ನುವ ಆ ಮಾತು ನಮ್ಮ ಮನೆಯಲ್ಲಿ ಬಹಳ ದಿನ ಓಡಾಡಿತು. ಅಪ್ಪ ಸಿಕ್ಕಿದ್ದನ್ನೆಲ್ಲ ಅವಳ ಮೂಗಿಗೆ ಹಿಡಿದ: ಇಂಗು, ನೀಲಗಿರಿ ಎಣ್ಣೆ, ಸುಟ್ಟ ಅರಿಶಿನ. ಪ್ರತಿ ಸಲವೂ ಅವನು ಅವಳ ಮುಖವನ್ನೇ ನೋಡುತ್ತಿದ್ದ, ಅವಳು ಅವನ ಮುಖ ನೋಡುತ್ತಿದ್ದಳು. "ಸಾಕು ಬಿಡೋ ತಮ್ಮಾ, ನಿನ್ನ ಮಾರಿ ನೋಡಾಕ ಆಗವಲ್ದು," ಅಂದಳು ಒಂದು ದಿನ. ಅಪ್ಪ ಇಂಗಿನ ಡಬ್ಬಿ ಹಿಡಿದುಕೊಂಡೇ ಎತ್ತುಗಳ ಹತ್ತಿರ ಹೋದ.

ಸೌಟನ್ನು ನೀಲತ್ತಿ ತಳ ಹತ್ತಿದ ಮರುದಿನವೇ ಅವ್ವನ ಕೈಗೆ ಕೊಟ್ಟಿದ್ದಳು. ಸಂಜೆಯಾದರೆ ಅವಳು ಅಡಿಗೆಮನೆ ಬಿಟ್ಟು ಹೊರಕಟ್ಟೆಯ ಮೇಲೆ, ಆ ಥಂಡಿಯಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಕೂತಿರುತ್ತಿದ್ದಳು. ಕೆಲ ದಿನ ಬಿಟ್ಟು ಅವ್ವ ಮೊದಲ ಸಲ ಮಾಡಿದ ಕಟ್ಟು ಚೆನ್ನಾಗಿತ್ತು. ಹದವಾದ ಖಾರ, ಗುರೆಳ್ಳಿನ ಪರಿಮಳ, ಎಲ್ಲ ಇತ್ತು. ನಾನು ಬೆಣ್ಣೆ ಕೇಳದೆ ಉಂಡೆ. ಆದರೆ ತಾಟಿನ ಮುಂದೆ ಕೂತ ಯಾರೂ ಚಲೋ ಆಗೈತಿ ಅನ್ನಲಿಲ್ಲ, ಖರೇ ಚಲೋ ಆಗಿದ್ದ ದಿನವೇ ಆ ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ಕಡೆಗೆ ಉಂಡವಳು ನೀಲತ್ತಿ. ರೊಟ್ಟಿ ಮುರಿದಳು, ಅದ್ದಿದಳು, ಅಗಿದಳು. ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಚಲೋ ಆಗೈತಿ ಶಾಂತಾ," ಅಂದಳು ನೀಲತ್ತಿ.

ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಅದು ಅವ್ವನಿಗೂ ಗೊತ್ತಿತ್ತು. ಅವ್ವ ಹಿತ್ತಲಿಗೆ ಹೋಗಿ ಗೋಡೆ ಹಿಡಿದುಕೊಂಡು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಅವಳ ತವರಿನ ಸಾವುಗಳಲ್ಲಿಯೂ ನೋಡಲಿಲ್ಲ.

ಮರುದಿನದಿಂದ ಅವ್ವ ಅವಳನ್ನು ಹೊರಗೆ ಕೂಡಗೊಡಲಿಲ್ಲ. ಕೈಹಿಡಿದು ಎಬ್ಬಿಸಿ ತಂದು ಒಲೆಯ ಪಕ್ಕದಲ್ಲಿ ಮಣೆ ಹಾಕಿ ಕೂಡಿಸಿದಳು. ನೀಲತ್ತಿ ಕೇಳುವುದು, ಅವ್ವ ಹೇಳುವುದು. ಬಳ್ಳೊಳ್ಳಿ ಕೆಂಪಾತೇನು? ಆತ್ರಿ. ಕೊಬ್ಬರಿ ವಾಸನಿ ಬಂತೇನು? ಬಂತ್ರಿ. ಅಲ್ಲಿಯವರೆಗೆ ಸರಿಯಾಗಿ ನಡೆಯುತ್ತಿತ್ತು. ರಂಜಕ ಬಿದ್ದು ಚುರ್ ಅಂದ ಕೂಡಲೆ ನೀಲತ್ತಿ ಮುಂದಕ್ಕೆ ಬಾಗಿ, "ಈಗ ಹ್ಯಾಂಗ ಐತಿ ವಾಸನಿ?" ಅನ್ನುತ್ತಿದ್ದಳು. ಅವ್ವ ಮಾತಿಗೆ ತಡಕಾಡುತ್ತಿದ್ದಳು. ಅವಳಷ್ಟೇ ಅಲ್ಲ, ಆ ಪ್ರಶ್ನೆಗೆ ಯಾರಿಗೆ ಉತ್ತರ ಬಂದೀತು? "ನೀವು ಮಾಡತಿದ್ರಲ್ರಿ ಅಕ್ಕಾರ, ಹಂಗ ಐತ್ರಿ," ಅನ್ನುತ್ತಿದ್ದಳು. ನೀಲತ್ತಿ ಹಾಂ ಅನ್ನುತ್ತಿದ್ದಳು. ಅಷ್ಟರಲ್ಲಿ ಅವಳಿಗೆ ಎಷ್ಟು ದಕ್ಕಿತೋ, ದಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಮುಂದೆ ಹಲವು ಚಳಿಗಾಲ ಹೀಗೇ ನಡೆಯಿತು. ವಾಸನೆ ತಿರುಗಿ ಬರಲಿಲ್ಲ. ನಾನು ಮದುವೆಯಾಗಿ ಬರುವ ಮೊದಲೇ ಅಜ್ಜ ಹೋದ, ಆಮೇಲೆ ನೀಲತ್ತಿ, ಆಮೇಲೆ ಅಪ್ಪ, ಎಲ್ಲರ ಹಿಂದೆ ಅವ್ವ.

ಮೊನ್ನೆ ಸೊಸೆ ಗ್ಯಾಸಿನ ಒಲೆಯ ಮೇಲೆ ಹುಳ್ಳಿಕಟ್ಟಿಗೆ ಒಗ್ಗರಣೆ ಕೊಟ್ಟು ಒಳಗಿಂದಲೇ ಕೇಳಿದಳು: "ಅತ್ತಿ, ವಾಸನಿ ಹ್ಯಾಂಗ ಬರಾಕತ್ತೈತ್ರಿ? ಬರೋಬ್ಬರಿ ಐತೇನ್ರಿ?" "ನೀಲತ್ತಿ ಮಾಡಿದಂಗ ಐತಿ," ಅಂದೆ. ಹಾಗೆಂದರೆ ಹೇಗೆ ಎಂದು ತಿಳಿದವರು ಈ ಭೂಮಿಯ ಮೇಲೆ ನನ್ನನ್ನು ಬಿಟ್ಟು ಯಾರೂ ಉಳಿದಿಲ್ಲ. ಸೊಸೆ ಹೌದೇನ್ರಿ ಅಂದು, ಉರಿ ಸಣ್ಣ ಮಾಡಿ, ಗಡಿಗೆಯ ಬಾಯಿ ಮುಚ್ಚಿದಳು.