ಬೀಗರ ಕಂಪನಿಯ ಡಿಸ್ಕು

ನಮ್ಮಲ್ಲಿ ಸೊಸೆಯಾದವಳು ಗಂಡನ ಅಣ್ಣನ ಹೆಸರು ಬಾಯಲ್ಲಿ ಹೇಳಬಾರದು. ಬರೆಯಬಾರದು ಅಂತ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತೇನೆ: ಶಾರ್ಷೆನ್. ಕಿರ್ಗಿಸ್ತಾನದ ನಮ್ಮೂರು ಕೊಚ್ಕೋರಿನಿಂದ ರಾಜಧಾನಿ ಬಿಶ್ಕೆಕ್‌ಗೆ ವ್ಯಾನು ಓಡಿಸುತ್ತಿದ್ದ ನಮ್ಮ ಭಾವನವರು. ಅಷ್ಟು ಸಂಕೋಚದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ದುಡ್ಡು ಕೊಡದೆ ಇಳಿದುಹೋದವರನ್ನು ಕೂಗಿ ಕರೆಯಲಾರರು. ಬಜಾರಿನಲ್ಲಿ ಕೊಳೆತ ಸೇಬು ತೂಗಿದರೂ "ಪರವಾಗಿಲ್ಲ ಬಿಡಿ" ಅಂತ ತಂದುಬಿಡುತ್ತಿದ್ದರು. ಎಂಥ ಒಳ್ಳೆಯವನಪ್ಪಾ ಅಂತ ಊರೆಲ್ಲ ಹೊಗಳುತ್ತಿತ್ತು. ಮನೆಯಲ್ಲಿ ಆ ಸೇಬಿನ ಕೊಳೆತ ಭಾಗ ಹೆರೆದು ತೆಗೆಯುತ್ತಿದ್ದವಳು ನಾನು.

ಮಾವ ಮೂರು ತಂತಿಯ ಕೋಮುಜ್ ವಾದ್ಯ ನುಡಿಸುತ್ತಿದ್ದರು. ಸಾಯುವ ಹಿಂದಿನ ಚಳಿಗಾಲದಲ್ಲಿ ರೇಡಿಯೋದವನೊಬ್ಬ ಬಂದು ಸದ್ದಾಗಬಾರದೆಂದು ನಮ್ಮನ್ನೆಲ್ಲ ಹೊರಗೆ ಕಳಿಸಿ, ನಮ್ಮ ಅಡಿಗೆಮನೆಯಲ್ಲೇ ಕೂತು ಅವರ ವಾದನವನ್ನು ಕ್ಯಾಸೆಟ್ಟಿಗೆ ಹಿಡಿದು ಕೊಟ್ಟುಹೋದ. ಇದ್ದದ್ದು ಅದೊಂದೇ. ಮಾವ ಇರುವವರೆಗೆ ನಾಚಿಕೊಂಡು ಅದನ್ನು ಹಾಕಲು ಬಿಡಲಿಲ್ಲ. ಸಾವಿನ ಮನೆಯಲ್ಲಿ ವರ್ಷ ತುಂಬುವವರೆಗೆ ತಂತಿಯ ಸದ್ದು ಕೇಳಬಾರದು, ಹಾಗಾಗಿ ನಾವು ಯಾರೂ ಅದನ್ನು ಹಾಕಿ ಕೇಳಲಿಲ್ಲ. ವರ್ಷದ ಊಟ ಹತ್ತಿರ ಬಂದಾಗ ಅತ್ತೆ ಭಾವನಿಗೆ ಹೇಳಿದರು: "ಬಂದೋರ ಕೈಗೆ ಬಟ್ಟೆ ತುಂಡು ಕೊಟ್ಟು ಕಳಿಸೋದು ಬೇಡ. ನಿಮ್ಮಪ್ಪನ ಕೋಮುಜ್ ಡಿಸ್ಕು ಮಾಡ್ಸಿ ಕೊಟ್ಟು ಕಳಿಸೋಣ. ನಾನೂ ಒಂದ್ಸಲ ಕೇಳ್ಬೇಕು."

ಆಗೆಲ್ಲ ಕಾರಿಗೊಂದು ಸಿ.ಡಿ. ಪ್ಲೇಯರ್ ಬಂದಿದ್ದ ಕಾಲ. ಡಿಸ್ಕು ಮಾಡಿಸುವ ಜವಾಬ್ದಾರಿ ಭಾವನ ಮೇಲೆ ಬಿತ್ತು. ನನಗೆ ರಷ್ಯನ್ ಚೆನ್ನಾಗಿ ಬರುತ್ತದೆಂದು ಜೊತೆಗೆ ಕರೆದುಕೊಂಡು ಹೋದರು.

ಮೊದಲು ಹೋದದ್ದು ಬಿಶ್ಕೆಕ್‌ನಲ್ಲಿ ವೇರಾ ಹೆಗಾಯ್ ಎಂಬ ಕೊರಿಯನ್ ಹೆಂಗಸಿನ ಡಿಸ್ಕಿನ ಕಂಪನಿಗೆ. ಮಾತಿನಲ್ಲಿ ನಯವಿಲ್ಲ, ಕುಡಿಯಲು ಚಹಾ ಇಲ್ಲ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಟೇಪು ಸಡಿಲ ಆಗಿದೆ. ಬೇರೆ ಡಬ್ಬಿಗೆ ಸುತ್ತಬೇಕು, ಇಲ್ಲಾಂದ್ರೆ ಮಷೀನು ಎಳ್ಕೊಂಡುಬಿಡುತ್ತೆ. ಮೊದಲು ಒಂದೇ ಡಿಸ್ಕು ಮಾಡ್ತೀನಿ. ನೀವು ಇಲ್ಲೇ ಕೂತು ಪೂರ್ತಿ ಕೇಳಿ, ಸರಿಯಿದೆ ಅಂತ ಸಹಿ ಹಾಕಿ. ಆಮೇಲೆ ಮಿಕ್ಕಿದ್ದು."

"ಇಲ್ಲೇ ಕೇಳ್ಬೇಕಾ?" ಅಂದರು ಭಾವ.

"ಮತ್ತೆಲ್ಲಿ ಕೇಳ್ತೀರ?"

ಹೊರಗೆ ಬಂದಮೇಲೆ ಭಾವನ ಕಿವಿ ಕೆಂಪಾಗಿತ್ತು. "ಪರಸ್ತ್ರೀ ಎದುರಿಗೆ ಅಪ್ಪನ ದನಿ ಕೇಳಿ ಅತ್ಕೊಂಡು ಕೂರ್ಲಾ? ಅದೂ ಅಲ್ದೆ ಸಹಿ ಬೇರೆ. ನಾನೇನು ಕಳ್ಳನಾ?"

ಅಲ್ಲಿಂದ ನೇರ ಬೀಗರ ಹತ್ತಿರ ಹೋದೆವು. ಭಾವನ ಮಗಳನ್ನು ಕೊಟ್ಟ ಮನೆ. ಬೀಗ ಎಸೆನ್‌ಕುಲ್ ಹಿಂದಿನ ವರ್ಷವಷ್ಟೇ ಡಿಸ್ಕಿನ ಕಂಪನಿ ತೆಗೆದಿದ್ದ. ನಾವು ಹೊಸಿಲು ದಾಟುವ ಮೊದಲೇ ಅಂಗಳದಲ್ಲಿ ಕುರಿ ಬಿತ್ತು. ಬೇಯಿಸಿದ ತಲೆಯನ್ನು ತಟ್ಟೆಯಲ್ಲಿಟ್ಟು ಭಾವನ ಮುಂದೆಯೇ ಇಟ್ಟ. ಆ ಮರ್ಯಾದೆ ಸಿಕ್ಕಿದ ಮೇಲೆ ಬೇರೆ ಕಂಪನಿಯ ಮಾತು ಯಾರೂ ಎತ್ತುವಂತಿರಲಿಲ್ಲ. ಕ್ಯಾಸೆಟ್ಟು ಬೀಗನ ಜೇಬಿಗೆ ಹೋಯಿತು.

ವಾಪಸ್ ಬರುವಾಗ ನಾನೇ ಬಾಯಿಬಿಟ್ಟೆ. "ಭಾವ, ಮೊದಲು ಒಂದು ಡಿಸ್ಕು ಕೊಡಿ ಅಂತ ಇವರನ್ನೂ ಕೇಳ್ಬಹುದಿತ್ತು."

"ಬೀಗರ ಮನೇಲಿ ಉಂಡು, ಅವರ ಕೆಲಸ ಮೂಸಿ ನೋಡ್ತೀನಿ ಅನ್ನೋಕಾಗುತ್ತೇನಮ್ಮಾ? ಅಲ್ಲಿ ಮಗಳು ಬಾಳ್ವೆ ಮಾಡ್ಬೇಕು."

 

ಊಟದ ಹಿಂದಿನ ದಿನ ಪೆಟ್ಟಿಗೆಗಳು ಬಂದವು. ಡಿಸ್ಕಿನ ಮೇಲೆ ಬಿಳಿ ಟೋಪಿಯ ಮಾವನ ಚಿತ್ರ, ಬಹಳ ಚೆನ್ನಾಗಿತ್ತು. ಮರುದಿನ ಕುದುರೆ ಮಾಂಸದ ಊಟವಾಗಿ, ದುವಾ ಪ್ರಾರ್ಥನೆ ಮುಗಿದ ಮೇಲೆ, ಭಾವ ವ್ಯಾನಿನ ಬಾಗಿಲುಗಳನ್ನೆಲ್ಲ ತೆರೆದು ಡಿಸ್ಕು ಹಾಕಿದರು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದೆವು. ಕೋಮುಜ್ ಶುರುವಾಯಿತು. ಮುದುಕರು ಮಾತು ನಿಲ್ಲಿಸಿದರು. ಒಂದು ಮುಗಿದು ಇನ್ನೊಂದು ಬಂತು. ಆಮೇಲೆ ಮಾವ ಕೆಮ್ಮಿದರು. ಅದೇ ಕೆಮ್ಮು.

"ಇನ್ನು ಇದೊಂದು. ನಮ್ಮ ಮನೆಯವಳಿಗೆ ಅಂತ ಕಟ್ಟಿದ್ದು. ಇದುವರೆಗೂ ಯಾರ ಮುಂದೇನೂ ನುಡಿಸಿಲ್ಲ."

ಅಷ್ಟೇ. ಮುಂದೆ ಸದ್ದಿಲ್ಲ.

ಭಾವ ಇನ್ನೊಂದು ಡಿಸ್ಕು ಹಾಕಿದರು. ಅದೂ ಅಲ್ಲಿಗೇ ನಿಂತಿತು. ಇನ್ನೊಂದು ಪೆಟ್ಟಿಗೆ ಒಡೆದು ಬೇರೆಯದನ್ನು ಹಾಕಿದರು. ಮತ್ತದೇ ಕೆಮ್ಮು, ಅದೇ ಮಾತು. ಯಾರೋ ಹುಡುಗಿ ಕಿಸಕ್ಕನೆ ನಕ್ಕಳು, ಅವಳಮ್ಮ ಬೆನ್ನಿಗೆ ಗುದ್ದಿದಳು. ಜನ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತ ನಿಂತರು. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು ನನಗೆ.

ಎಸೆನ್‌ಕುಲ್ ಊಟಕ್ಕೆ ಹಾಕಿದ್ದ ಡೇರೆಯ ಹಿಂದೆ ಕೈ ತೊಳೆಯಲು ಬಂದ. ನೀರು ಹಾಕುತ್ತಿದ್ದವಳು ನಾನೇ. ಭಾವ ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದರು.

"ಬೀಗರೇ," ಅಂದ ಎಸೆನ್‌ಕುಲ್ ತಲೆ ಎತ್ತದೆ, "ಅಲ್ಲಿಗೆ ಬಂದಾಗ ಮಷೀನು ಟೇಪನ್ನ ನುಂಗಿಬಿಡ್ತು. ಚೂರುಚೂರಾಯ್ತು. ನಿಮಗೆ ಹೆಂಗೆ ಹೇಳೋದು ಅಂತ ನಾಚಿಕೆ ಆಯ್ತು."

ಹೂಜಿಯನ್ನು ಅವನ ತಲೆಗೇ ಕುಕ್ಕೋಣ ಅನ್ನಿಸಿತು. ಭಾವ ಟವೆಲ್ ಕೊಟ್ಟರು. "ಪರವಾಗಿಲ್ಲ ಬಿಡಿ, ಬೀಗರೇ," ಅಂದರು. ಹೊರಡುವಾಗ ಪದ್ಧತಿಯಂತೆ ಅವನ ಹೆಗಲಿಗೆ ಚಪಾನ್ ನಿಲುವಂಗಿಯನ್ನೂ ಹೊದಿಸಿ ಕಳಿಸಿದರು.

ಜನ ಕರಗಿದ ಮೇಲೂ ಅತ್ತೆ ವ್ಯಾನಿನಿಂದ ಇಳಿಯಲಿಲ್ಲ. ಭಾವ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ನಾನು ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದೆ.

"ಮದುವೆಯಾಗಿ ಒಂದಿನ ನನ್ನ ಮುಂದೆ ಹಿಂಗಂದೋರಲ್ಲ," ಅಂದರು ಅತ್ತೆ. "ಅದ್ಯಾವ ರಾಗ, ಶಾರ್ಷೆನ್? ಕ್ಯಾಸೆಟ್ಟು ಇಟ್ಕೊಂಡು ಓಡಾಡ್ದೋನು ನೀನು. ಅಂಗಡೀಲಿ ಹಾಕಿ ಕೇಳಿರ್ತೀಯ. ಸ್ವಲ್ಪ ಗುನುಗು, ನಾನು ಹಿಡ್ಕೋತೀನಿ."



"ಕೇಳು ಅಂತ ಒಬ್ಬಳು ಹೇಳಿದ್ಲು, ಅವ್ವಾ. ನಾನು ಕೂರಲಿಲ್ಲ."

ಅತ್ತೆ ತಲೆವಸ್ತ್ರ ಸರಿಮಾಡಿಕೊಂಡು ಕಾಲು ಕೆಳಗಿಟ್ಟರು.

"ಪರವಾಗಿಲ್ಲ ಬಿಡು," ಅಂದರು.

ಭಾವ ಸ್ಟೀರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತರು.