ಹೊಸ ಗಾಡಿಗೆ ಆರತಿ ಬೆಳಗುವವರು

ಗೇಟಿನ ಮುಂದೆ ಟೈರಿನಡಿ ಚಪ್ಪಟೆಯಾದ ಎರಡು ನಿಂಬೆಹಣ್ಣು ಬಿದ್ದಿವೆ. ಗಾಳಿ ಬೀಸಿದಾಗಲೆಲ್ಲ ಆ ಹುಳಿ ವಾಸನೆ ನಾನು ಕೂತಲ್ಲಿಗೆ ಬರುತ್ತದೆ, ನನಗೆ ನಗು ಬರುತ್ತದೆ. ಯಾಕೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಮೊಮ್ಮಕ್ಕಳೇ, ನಿಮಗೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ನಿಮ್ಮ ಸುಧಕ್ಕ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಹೊಸ ಮೋಟಾರ್ ಸೈಕಲ್ ತಂದಳು. ಹಾಯಲು ತಲೆ ತಗ್ಗಿಸಿದ ಹೋರಿಯಂಥ ಗಾಡಿ. ಊರೊಳಗೂ ಸೈ, ದೂರದ ದಾರಿಗೂ ಸೈ, ಭಾನುವಾರದ ತಿರುಗಾಟಕ್ಕೂ ಸೈ, ಮೇಲೆ ಬೆಲೆಯೂ ಹೆಚ್ಚಿಲ್ಲವಂತೆ. ಇಷ್ಟೆಲ್ಲ ಗುಣ ಒಬ್ಬಳಲ್ಲೇ ಬೇಕೆಂದು ನಮ್ಮ ಅತ್ತೆ ಸೊಸೆಯನ್ನು ಹುಡುಕಿದ್ದರು, ಸಿಕ್ಕವಳು ನಾನು. ಹಿಂದಿನ ಸೀಟು ಮಾತ್ರ ಒಂದು ಹೋಳಿಗೆಯಷ್ಟು, ಅದೂ ಅಟ್ಟದ ಎತ್ತರದಲ್ಲಿ.

ನನ್ನ ನಾದಿನಿ ಶಾಂತಾ ಆರತಿ ತಟ್ಟೆ ಹಿಡಿದು ಸಜ್ಜಾದಳು. “ವೈನಿ, ನೀ ಒಂಚೂರು ಒಳಗ ನಿಂದ್ರು,” ಎಂದಳು, ಮೆತ್ತಗೆ. ಗಂಡ ಸತ್ತವಳಿಗೆ ಈ ಮಾತನ್ನು ಎಲ್ಲರೂ ಮೆತ್ತಗೇ ಹೇಳುತ್ತಾರೆ. ಬಾಗಿಲ ಮರೆಗೆ ಸರಿದೆ. ಆ ಜಾಗ ನನಗೆ ರೂಢಿ.

ಅಲ್ಲಿ ನಿಂತಾಗ ನಿಮ್ಮಜ್ಜನ ಗಾಡಿ ನೆನಪಾಯಿತು. ಕಮಲಾಪುರದಲ್ಲಿ ಅದನ್ನು ತಂದ ದಿನ ಐವರು ಮುತ್ತೈದೆಯರು ಆರತಿ ಬೆಳಗಿದ್ದೆವು, ನಾನೇ ಮೊದಲು. ನಿಮ್ಮಜ್ಜ ಮೀಸೆ ತಿರುವಿ ಏರಿದರು, ಓಣಿ ದಾಟಿದರು, ಸಂತೆಯ ಕೆಂಪು ಬಾಳೆಹಣ್ಣಿನ ರಾಶಿಗೆ ನೇರ ನುಗ್ಗಿದರು.

“ಅರೆ ಮಾಸ್ತರ್ ಸಾಬ್, ಹಣ್ಣು ಬಾಯಿಲಿಂದ ತಿನ್ರಿ, ಗಾಲಿಲಿಂದ ಯಾಕ್ರಿ?” ಎಂದನಂತೆ ಹಣ್ಣಿನವ.

ಬ್ರೇಕು ಯಾವ ಕಡೆ ಇದೆಯೆಂದು ಅವರು ಕೇಳಿಕೊಂಡೇ ಇರಲಿಲ್ಲ. ಮನೆಯಲ್ಲೂ ಯಾರೂ ಬ್ರೇಕಿನ ಸುದ್ದಿ ಎತ್ತಲಿಲ್ಲ. “ಇಕಿ ತಟ್ಟಿ ಸೊಟ್ಟ ಹಿಡದಾಳ,” ಎಂದರು ಅತ್ತೆ. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ! ಎಷ್ಟೋ ವರ್ಷದ ಮೇಲೆ ನಿಮ್ಮಜ್ಜ ಜ್ವರ ಬಂದು ಹಾಸಿಗೆಯಲ್ಲೇ ತೀರಿಕೊಂಡರು. ಮುತ್ತೈದೆಯಾಗಿದ್ದಾಗ ತಟ್ಟೆ ಸೊಟ್ಟ ಹಿಡಿದದ್ದು ತಪ್ಪು. ಆಮೇಲೆ ತಟ್ಟೆ ಹಿಡಿಯುವುದೇ ತಪ್ಪು.

“ಆಯಿ ಎಲ್ಲಿ? ಆಯಿನೇ ಬೆಳಗಲಿ. ಇಲ್ಲಾಂದ್ರ ನಾ ಗಾಡಿ ಚಾಲೂನೇ ಮಾಡಂಗಿಲ್ಲ,” ಎಂದಳು ಹೊರಗಿನಿಂದ ಸುಧಾ.

“ಹುಚ್ಚಿ, ನಾಳಿ ಏನಾರ ಆದ್ರ?” ಎಂದಳು ಶಾಂತಾ.

“ಬ್ರೇಕ್ ಹಿಡೀತೀನಿ, ಶಾಂತಾಯಿ.”

ಸುಧಾ ನನ್ನ ಕೈ ಹಿಡಿದು ಎಳೆತಂದು ತಟ್ಟೆ ಕೊಟ್ಟಳು. ಒಂದು ಸುತ್ತು ತಿರುಗಿಸುವಷ್ಟರಲ್ಲಿ ಗಾಳಿಗೆ ದೀಪ ಆರಿಹೋಯಿತು. ಶಾಂತಾ ಲೊಚಗುಟ್ಟಿದಳು. ಎದುರುಮನೆಯವರು ದೀಪ ನೋಡಲಿಲ್ಲ, ನನ್ನ ಬೋಳು ಹಣೆ ನೋಡಿದರು. ಇಂಥ ಹೊತ್ತಿನಲ್ಲಿ ನಾನು ಒಳಗೆ ಹೋಗುವವಳು. ಕಾಲು ಆಗಲೇ ತಿರುಗಿತ್ತು. ಬಾಯಿ ಮಾತ್ರ ಬೇರೆಯೇ ಹೇಳಿತು:

“ಶಾಂತಾ, ಕಡ್ಡಿಪೆಟ್ಟಿಗಿ ತಾ.”

ಈ ಮನೆತನಕ್ಕೆ ಸೊಸೆಯಾಗಿ ಬಂದ ಮೇಲೆ ನಾನು ಆಕೆಗೆ ಹೇಳಿದ ಮೊದಲ ಕೆಲಸ. ಆಕೆ ತಂದುಕೊಟ್ಟಳು! ದೀಪ ಹಚ್ಚಿ ಮತ್ತೆ ಬೆಳಗಿದೆ.

ಸುಧಾ ಕಮಲಾಪುರದವರೆಗೆ ಹೋಗಿಬರುತ್ತೇನೆಂದು ಹೋಗಿದ್ದಾಳೆ. ಶಾಂತಾ ಸಿಟ್ಟಿನಲ್ಲಿ ಚಹಾ ಒಲ್ಲೆ ಅಂದಳು. ನಾನು ಒತ್ತಾಯ ಮಾಡಲಿಲ್ಲ. ಆಕೆಯ ಪಾಲಿನದನ್ನೂ ಕುಡಿಯುತ್ತ, ಹೊರಗಿನ ಪಡಸಾಲೆಯಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ.