ಜಡೆಗೆ ಕಾರು ನೋಡಲು ಹೋದದ್ದು

ಭಾನುವಾರ ಬೆಳಗ್ಗೆ ನಾವು ಶಿಕಾರಿಪುರದ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಶಿರಾಳಕೊಪ್ಪದ ಸರ್ಕಾರಿ ಬಸ್ಸು ಹೊರಟುಹೋಗಿತ್ತು. ಅದು ಸಿಕ್ಕಿದ್ದರೆ, ಹೆಂಗಸರಿಗೆ ಉಚಿತವಾದ್ದರಿಂದ, ಗಾಯತ್ರಿಯ ಟಿಕೆಟ್ಟಿನ ದುಡ್ಡು ಉಳಿಯುತ್ತಿತ್ತು. ಖಾಸಗಿ ಬಸ್ಸಿನಲ್ಲಿ ಇಬ್ಬರಿಗೂ ಕೊಟ್ಟು ಕೂತೆವು. ಹೊರಡುವಾಗಲೇ ನಷ್ಟ ಎಂದು ನಾನು ಗೊಣಗಿದೆ. ಗಾಯತ್ರಿ ಕಿಟಕಿಯ ಕಡೆ ತಿರುಗಿ ಕೂತಳು.

ನಾನು ಡ್ರೈವಿಂಗ್ ಸ್ಕೂಲ್ ನಡೆಸುವವನು. ಕಲಿಯುವವರ ಎಡಗಡೆ ಕೂತು, ಕಾಲ ಕೆಳಗೆ ನನ್ನದೇ ಇನ್ನೊಂದು ಬ್ರೇಕ್ ಇಟ್ಟುಕೊಂಡು ಬದುಕಿದವನು. ಎದುರಿಗೆ ಬರುವ ಯಾರನ್ನೂ ನಂಬಬಾರದು ಎಂಬುದು ನನ್ನ ಮೊದಲ ಪಾಠ. ನನ್ನ ಹೆಂಡತಿ ಗಾಯತ್ರಿ ಮದುವೆ ಮನೆಗಳ ಅಡುಗೆ ಒಪ್ಪಿಕೊಂಡು ಮಾಡಿಸುತ್ತಾಳೆ. ಕೊಪ್ಪರಿಗೆ, ಸೌಟು, ಜಾಲರಿ ತುಂಬಿದ ಗೂಡ್ಸ್ ವ್ಯಾನನ್ನು ವರ್ಷಗಟ್ಟಲೆ ತಾನೇ ಓಡಿಸಿದ್ದಾಳೆ. 'ಪಾತ್ರೆ ಸದ್ದಿಲ್ಲದ ಒಂದು ಗಾಡಿ ಓಡಿಸಬೇಕು ನಾನು' ಎಂದು ಅವಳು ಆಗಾಗ ಹೇಳುತ್ತಿದ್ದಳು. ಆ ಗಾಡಿ ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡು ಹೋಗುವ ಸ್ಪೋರ್ಟ್ಸ್ ಕಾರು ಆಗಿರುತ್ತದೆಂದು ಮಾತ್ರ ನಾನು ಎಣಿಸಿರಲಿಲ್ಲ.

ಜಾಹೀರಾತು ಅವಳ ಮೊಬೈಲಿನಲ್ಲಿ ಬಂದಿತ್ತು. ಸೊರಬ ತಾಲ್ಲೂಕಿನ ಜಡೆಯಲ್ಲಿ ಕಾರಿತ್ತು. ಬೆಲೆ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ಆ ಮಾಡೆಲಿನ ಹೆಸರು ಹೇಳಿದ ಕೂಡಲೇ, ನಮ್ಮ ಬೀದಿಯಲ್ಲಿ ಗ್ಯಾರೇಜ್ ಇಟ್ಟಿರುವ ಈಸೂರಿನ ಗೆಳೆಯ ಕೈಮುಗಿದಿದ್ದ. 'ಆ ಇಂಜಿನ್ ಯಾವಾಗ ಕೈಕೊಡ್ತೈತೋ ಮಾಡಿದೋನಿಗೂ ಗೊತ್ತಿಲ್ಲ, ಬ್ಯಾಡ' ಎಂದಿದ್ದ. ಅದಕ್ಕಿಂತ ನನ್ನನ್ನು ಕಾಡಿದ್ದು ಫೋನಿನ ವಿಷಯ. ಜಾಹೀರಾತು ನೋಡಿದ ದಿನ ಬೆಳಗ್ಗೆ ಗಾಯತ್ರಿ ಕರೆ ಮಾಡಿದಾಗ ಸುಧಾ ಎಂಬ ಹುಡುಗಿ ಮಾತಾಡಿ, ಕಾರು ತನ್ನ ಹೆಸರಿನಲ್ಲಿದೆ, ಇಂಜಿನ್ ಚೆನ್ನಾಗಿದೆ, ಭಾನುವಾರ ಬನ್ನಿ ಎಂದಳು. ಅಂದೇ ಸಂಜೆ ಅದೇ ನಂಬರಿನಿಂದ ಒಬ್ಬ ಗಂಡಸು ಕರೆ ಮಾಡಿ, 'ಬರೋದು ಬ್ಯಾಡ ಬಿಡ್ರಿ, ಇಂಜಿನ್ ಸರಿ ಇಲ್ಲ' ಎಂದು ಇಟ್ಟುಬಿಟ್ಟ.

'ಮೋಸ ಮಾಡೋರು ಯಾರಾದ್ರೂ ಇಂಜಿನ್ ಸರಿ ಇಲ್ಲ ಅಂತ ಹೇಳ್ತಾರೇನ್ರೀ?' ಎಂದು ಗಾಯತ್ರಿ ಕೇಳಿದಳು.

'ಅದಕ್ಕೇ ಅನುಮಾನ' ಎಂದೆ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಆನವಟ್ಟಿಗೆ ಬಂದಾಗ ಬಿಸಿಲು ಏರಿತ್ತು. ಭತ್ತದ ಕೊಯ್ಲು ಮುಗಿದು ಗದ್ದೆಗಳು ಬೋಳಾಗಿದ್ದವು. ಜಡೆಯ ಬಸ್ಸಿಗೆ ಕಾಯುತ್ತ ಒಂದು ಹೋಟೆಲಿನಲ್ಲಿ ಇಡ್ಲಿ ತಿಂದೆವು. ಚಟ್ನಿ ಚೆನ್ನಾಗಿತ್ತು, ಚಹಾ ನೀರಾಗಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹೋಟೆಲಿನವರನ್ನು ಮಾತಿಗೆಳೆದು, ಜಡೆಯಲ್ಲಿ ಒಂದು ನೀಲಿ ಕಾರು ಇದೆಯಂತಲ್ಲ ಎಂದೆ.

'ಶುಂಠಿ ಮಂಜಪ್ಪೋರದ್ದಾ? ಶುಂಠಿಗೆ ರೇಟು ಬಂದ ವರ್ಷ ಹುಬ್ಬಳ್ಳಿಯಿಂದ ತಂದಿದ್ರು. ನೀವು ತಗೊಳ್ಳಾಕೆ ಬಂದ್ರಾ?'

'ನೋಡೋಕೆ.'

ಅವರು ನನ್ನನ್ನೂ ಗಾಯತ್ರಿಯನ್ನೂ ನೋಡಿದರು. 'ಕಾರು ಒಳ್ಳೇದೇ. ಆದ್ರೆ ಅವರು ಬರೋದು ಕಂಡ್ರೆ ನಾವು ಸ್ವಲ್ಪ ಬದೀಗೆ ನಿಲ್ತೀವಿ' ಎಂದು ಹೇಳಿ ಚಿಲ್ಲರೆ ಎಣಿಸತೊಡಗಿದರು. ಬ್ರೇಕ್ ಹಿಡಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಜಡೆಯಲ್ಲಿ ಇಳಿದ ಮೇಲೆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯಲ್ಲಿ ತಂದೆ ಮಗಳು ಇಬ್ಬರೇ. ಸುಧಾ ಸೊರಬದ ಶಾಲೆಯೊಂದರಲ್ಲಿ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನಮಗೆ ಬೆಲ್ಲ, ನೀರು ಕೊಟ್ಟಳು. ಮಂಜಪ್ಪನವರಿಗೆ ಅರವತ್ತರ ಹತ್ತಿರ ಇರಬಹುದು. ಗಟ್ಟಿ ಆಳು, ಇಸ್ತ್ರಿ ಮಾಡಿದ ಅಂಗಿ. ಸಂಜೆಯ ಫೋನಿನ ದನಿ ಅವರದೇ ಎಂದು ಮೊದಲ ಮಾತಿಗೇ ತಿಳಿಯಿತು. ಮಾತಾಡುವಾಗ ಅವರು ನನ್ನ ಮುಖ ನೋಡಲಿಲ್ಲ. ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತ ಮಾತಾಡಿದರು. ಮುಖ ಕೊಟ್ಟು ಮಾತಾಡದವನ ಹತ್ತಿರ ನಾನು ಟೈರ್ ಕೂಡ ಕೊಳ್ಳುವುದಿಲ್ಲ. ಗಾಯತ್ರಿಗೆ ಕಣ್ಸನ್ನೆ ಮಾಡಿದೆ. ಅವಳು ಆಗಲೇ ಕೊಟ್ಟಿಗೆಯ ಕಡೆ ನಡೆದಿದ್ದಳು.

ಟ್ರ್ಯಾಕ್ಟರಿನ ಪಕ್ಕ, ಶುಂಠಿಯ ಮಣ್ಣುವಾಸನೆಯ ನಡುವೆ, ಕಡುನೀಲಿ ಕಾರು ನಿಂತಿತ್ತು. ಎಡಬದಿಯ ಬಾಗಿಲ ಉದ್ದಕ್ಕೂ ಒಂದು ತರಚು ಬಿಟ್ಟರೆ ಮೈಯೆಲ್ಲ ಹೊಳೆಯುತ್ತಿತ್ತು. ಮಂಜಪ್ಪನವರು ಕೂತು ಕೀ ತಿರುಗಿಸಿದರು. ಇಂಜಿನ್ ಕೆಮ್ಮಿತು, ಕುಂಟಿತು. ಕಾರು ಜ್ವರ ಬಂದವರಂತೆ ನಡುಗಿತು.

'ಕೇಳಿದ್ರಲ್ಲ' ಎಂದರು ಮಂಜಪ್ಪನವರು. ಅವರ ದನಿಯಲ್ಲಿ ಸಮಾಧಾನವೇ ಇತ್ತು. 'ಹೀಗೇ ಅದು. ಈ ಇಂಜಿನ್ ಕತೆ ನೀವೂ ಕೇಳಿರ್ತೀರಿ. ಸುಮ್ನೆ ದೂರದಿಂದ ಬಂದ್ರಿ.'

ಸುಧಾ ಗಾಬರಿಯಾದಳು. 'ಮೊನ್ನೆ ಸರಿ ಇತ್ತಲ್ಲ ಅಪ್ಪ?'

ನಾನು ಬಾನೆಟ್ ಎತ್ತಿಸಿದೆ. ಇಂಜಿನ್ ಮೇಲೆ ಎಲ್ಲ ಕಡೆ ತೆಳುವಾಗಿ ಧೂಳಿತ್ತು, ಒಂದು ಕಡೆ ಮಾತ್ರ ಬೆರಳಿನ ಹೊಸ ಗುರುತುಗಳಿದ್ದವು. ಅಲ್ಲಿ, ಒಂದು ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲಿನ ವೈರು ಕಳಚಿತ್ತು. ಒತ್ತಿದೆ, ಟಕ್ಕೆಂದು ಕೂತಿತು. ಮತ್ತೆ ಸ್ಟಾರ್ಟ್ ಮಾಡಿಸಿದಾಗ ಇಂಜಿನ್ ಒಂದೇ ಸಮನೆ ಓಡಿತು. ಗಾಯತ್ರಿಯ ಮುಖ ಅರಳಿತು. ನನಗೆ ಮಾತ್ರ ಇನ್ನಷ್ಟು ಭಯವಾಯಿತು. ಬೆಲೆ ಇಳಿಸಲು ಕೊಳ್ಳುವವನು ಇಂಥ ಕೆಲಸ ಮಾಡಿಯಾನು. ಮಾರುವ ಮನೆಯವರೇ ಯಾಕೆ ಮಾಡಬೇಕು? ಇದಕ್ಕಿಂತ ದೊಡ್ಡದೇನೋ ಮುಚ್ಚಿಡಲು ಇದನ್ನು ನನ್ನ ಕೈಗೆ ಸಿಗುವಂತೆ ಇಟ್ಟಿದ್ದಾರೆಯೇ?

'ಒಂದು ಸುತ್ತು ಓಡಿಸಿ ನೋಡ್ತೀನಿ' ಎಂದೆ.

'ಕೀ ಯಾರಿಗೂ ಕೊಡೋದಿಲ್ಲ. ನಾನೇ ತೋರಿಸ್ತೀನಿ, ಕೂತ್ಕಳ್ರಿ' ಎಂದರು ಮಂಜಪ್ಪನವರು.

'ಅಪ್ಪ, ಸರ್ ಓಡಿಸ್ಲಿ. ನೀವು ಬಹಳ ಜೋರು ಹೋಗ್ತೀರಿ' ಎಂದಳು ಸುಧಾ. ಅವಳು ಕಾರು ಮಾರಲು ಹೊರಟಿದ್ದೇ ಅದಕ್ಕಂತೆ. ಬಾಗಿಲಿನ ತರಚು ಮನೆಯ ಕಾಂಪೌಂಡಿನದು. ಕಳೆದ ತಿಂಗಳು ಒಬ್ಬರ ಬೈಕಿಗೆ ಸ್ವಲ್ಪದರಲ್ಲಿ ತಪ್ಪಿತ್ತು. ಈ ವಯಸ್ಸಿಗೆ ಈ ಸ್ಪೀಡು ಬೇಡ ಎಂಬುದು ಅವಳ ಮಾತು. ಮಂಜಪ್ಪನವರು ಆಕ್ಸಿಲರೇಟರ್ ಒತ್ತಿದರು. ನಾನು ಎಡಗಡೆ ಕೂತೆ.

ಊರು ದಾಟಿ ಆನವಟ್ಟಿಯ ರಸ್ತೆಗೆ ಬಂದೆವು. ನಾನು ಸದ್ದು ಕೇಳುತ್ತಿದ್ದೆ, ಬಿಸಿಯ ಮುಳ್ಳು ನೋಡುತ್ತಿದ್ದೆ, ಸುಟ್ಟ ಎಣ್ಣೆಯ ವಾಸನೆ ಬರುತ್ತದೋ ಎಂದು ಮೂಗು ಅರಳಿಸುತ್ತಿದ್ದೆ. ಏನೂ ಸಿಗಲಿಲ್ಲ. ಅಷ್ಟರಲ್ಲಿ ಒಂದು ಹಂಪು ಬಂತು. ಅವರು ನಿಧಾನ ಮಾಡಲಿಲ್ಲ. ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿತು, ನನ್ನ ತಲೆ ಮೇಲೆ ಬಡಿಯಿತು.

'ಹೊಸಾ ಹಂಪು' ಎಂದರು.

ಹಂಪಿನ ಬಣ್ಣ ಮಾಸಿ ಹೋಗಿತ್ತು, ಹೊಸದೇನೂ ಅಲ್ಲ. 'ಬ್ರೇಕ್ ಹೇಗಿದೆ?' ಎಂದೆ. 'ಬ್ರೇಕಿಗೆ ಏನಾಗಿದೆ' ಎನ್ನುತ್ತ ಇನ್ನಷ್ಟು ಒತ್ತಿದರು.

ಮುಂದಿನ ತಿರುವು ಕಳೆದಾಗ ರಸ್ತೆಯ ತುಂಬ ಕುರಿಗಳಿದ್ದವು. ಕೊಯ್ಲಾದ ಗದ್ದೆಗಳಲ್ಲಿ ಮೇಯಿಸಲು ಬಯಲುಸೀಮೆಯಿಂದ ಬಂದ ಹಿಂಡು. ಹಾಡುಹಗಲು, ನೇರ ರಸ್ತೆ, ಸಾಕಷ್ಟು ದೂರ. ಈಗ ನಿಧಾನಿಸುತ್ತಾರೆ ಎಂದುಕೊಂಡೆ. ಈಗ. ಈಗಲಾದರೂ. ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. 'ಬ್ರೇಕ್ ಹಾಕ್ರಿ' ಎಂದು ಕೂಗಿ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಎಳೆದೆ. ಅವರೂ ತುಳಿದರು. ಕಾರು ಓರೆಯಾಗಿ ಜಾರಿ, ಕೊನೆಯ ಕುರಿಗಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಬ್ರೇಕಿನಲ್ಲಿ ಒಂದಿಷ್ಟೂ ದೋಷವಿರಲಿಲ್ಲ.

ಇಂಜಿನ್ ಆರಿಹೋಗಿತ್ತು. ಹಿಂಡು ಅರಚುತ್ತಿತ್ತು. ಮಂಜಪ್ಪನವರು ಸ್ಟೀರಿಂಗ್ ಬಿಡದೆ, ಕಿವಿ ಮುಂದೆ ಮಾಡಿ ಕೇಳಿದರು. 'ಕುರಿಗಳಾ?'

ಎಳೆದ ಹ್ಯಾಂಡ್ ಬ್ರೇಕನ್ನು ನಾನು ಇನ್ನೂ ಬಿಟ್ಟಿರಲಿಲ್ಲ.

ಹೆಗಲ ಮೇಲೆ ಕಂಬಳಿ ಹೊತ್ತ ಕುರಿಗಾರ ಕೋಲು ಊರುತ್ತ ಬಂದ. 'ಏನ್ರೀ ಯಜಮಾನ್ರೆ, ಕಣ್ಣು ಕಾಣಂಗಿಲ್ಲೇನು ನಿಮಗ?'

'ಇಲ್ಲ ಮಾರಾಯ, ಕಾಣೋದಿಲ್ಲ' ಎಂದರು ಮಂಜಪ್ಪನವರು.

ಜಗಳಕ್ಕೆ ಸಿದ್ಧನಾಗಿ ಬಂದಿದ್ದ ಆತ ಅಲ್ಲೇ ನಿಂತ. ನನ್ನ ಮುಖ ನೋಡಿದ. ಆಮೇಲೆ ಕುರಿಗಳನ್ನು ಗದ್ದೆಗೆ ಇಳಿಸಿದ.

ರಸ್ತೆ ಬದಿಯಲ್ಲಿ ಇಳಿದು ನಿಂತೆವು. ನೋಟದ ನಡುಭಾಗ ಹೋಗಿ ಒಂದು ವರ್ಷವಾಯಿತಂತೆ. ಅಂಚಿನಲ್ಲಿರುವುದು ಕಾಣುತ್ತದೆ, ಎದುರಿಗಿರುವುದು ಕಾಣುವುದಿಲ್ಲ. ದಾವಣಗೆರೆಗೆ ಹೋಗಿ ತೋರಿಸಿದ್ದರು. ಹೋದದ್ದು ವಾಪಸ್ಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ನನ್ನ ಕಿವಿಯ ಆಚೆ ನೋಡುತ್ತಿದ್ದದ್ದು ನನ್ನನ್ನು ಕಾಣಲಿಕ್ಕೇ.

'ವೈರು ಕಳಚಿದ್ದು ನೀವೇ ಅಲ್ವಾ?'

'ಕೈಗೆ ಗೊತ್ತು ಅದು. ಗಾಡಿ ಮನೇಲಿ ಇರೋ ತನಕ ಮಂಜಪ್ಪ ಜೋರು ಓಡಿಸ್ತಾನೆ ಅಂತಾರೆ. ಗಾಡಿ ಹೋದ ಮೇಲೆ ನಾನು ಎಡವಿದ್ರೆ ಎಂತ ಅಂತಾರೆ? ಸುಧಾಗೆ ಗಂಡು ಗೊತ್ತಾಗೋ ಹಂಗಿದೆ. ಅಪ್ಪನಿಗೆ ಕಣ್ಣಿಲ್ಲ ಅಂತ ತಿಳಿದ್ರೆ ಅವಳು ಮದುವೇನೇ ಬ್ಯಾಡ ಅಂತಾಳೆ. ನೀವು ಹೇಳಬ್ಯಾಡ್ರಿ.'

'ನೀವೇ ಹೇಳ್ಬೇಕು' ಎಂದೆ. 'ಇಲ್ದಿದ್ರೆ ನಾನು ಹೇಳ್ತೀನಿ. ಈವತ್ತು ಕುರಿ. ನಾಳೆ ಶಾಲೆ ಬಿಟ್ಟಾಗ?'

ಅವರು ಬಾನೆಟ್ಟಿನ ಮೇಲೆ ಒಮ್ಮೆ ಕೈ ಆಡಿಸಿದರು. ಆಮೇಲೆ ಕೀಯನ್ನು ನನ್ನ ಕಡೆ ಚಾಚಿದರು. ಹಿಂದಿರುಗುವಾಗ ನಾನು ಓಡಿಸಿದೆ. ಇಷ್ಟೆಲ್ಲ ಆದಮೇಲೂ ನನ್ನ ಒಂದು ಕಿವಿ ಇಂಜಿನಿನ ಮೇಲೇ ಇತ್ತೆಂಬುದನ್ನು ಹೇಳಿಬಿಡಬೇಕು.

ಸ್ಟೀರಿಂಗಿನ ಕಡೆಯಿಂದ ನಾನು ಇಳಿದದ್ದನ್ನು ನೋಡಿ ಸುಧಾ ಬಾಗಿಲಲ್ಲೇ ನಿಂತಳು. ಮಂಜಪ್ಪನವರು ಚಾವಡಿಯಲ್ಲಿ ಕೂತು, ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. ಅವಳು ಅಳಲಿಲ್ಲ. ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

'ಊಟಕ್ಕೆ ಕೂತಾಗ ತಟ್ಟೆ ಕಾಣುತ್ತಾ ಅಪ್ಪ?'

'ಅಂಚು ಕಾಣುತ್ತೆ.'

'ನನ್ನ ಮುಖ?'

ಅವರು ಮುಖ ಓರೆ ಮಾಡಿ ಅವಳ ಕಿವಿಯ ಆಚೆ ನೋಡಿದರು. ಗಾಯತ್ರಿ ನನ್ನ ತೋಳು ಹಿಡಿದು ಅಂಗಳಕ್ಕೆ ಕರೆದುಕೊಂಡು ಬಂದಳು. ವಾಪಸ್ಸು ಹೋಗಿಬಿಡೋಣ, ಇವತ್ತು ವ್ಯವಹಾರ ಬೇಡ ಎಂದಳು. ನಾವು ಚಪ್ಪಲಿ ಮೆಟ್ಟುತ್ತಿರುವಾಗ ಸುಧಾ ಹೊರಗೆ ಬಂದು, ಊಟ ಮಾಡದೆ ಹೋಗಬಾರದು ಎಂದು ತಡೆದಳು.

ಅನ್ನ, ಮಜ್ಜಿಗೆಹುಳಿ, ಹಪ್ಪಳ. ಸುಧಾ ತಂದೆಯ ತಟ್ಟೆಯಲ್ಲಿ ಎಲ್ಲವನ್ನೂ ಅಂಚಿಗೆ ಬಡಿಸಿದಳು. ಅದನ್ನು ಗಮನಿಸಿ ಮಂಜಪ್ಪನವರು ಒಂದು ಕ್ಷಣ ಕೈ ನಿಲ್ಲಿಸಿದರು, ಮತ್ತೆ ಕಲಸಿಕೊಂಡರು. ಕೈ ತೊಳೆದ ಮೇಲೆ ಅವರೇ ಗಾಯತ್ರಿಯನ್ನು ಕರೆದರು.

'ಗಾಡಿ ನಿಮಗೇ ಅಲ್ವಾ ತಾಯಿ? ಕೇಳ್ರಿ ಏನು ಕೇಳ್ಬೇಕು.'

'ಇಂಜಿನ್ ನಿಜವಾಗ್ಲೂ ಹೇಗಿದೆ?'

'ಎರಡು ಸಲ ಕೈಕೊಟ್ಟಿದೆ. ಎರಡು ಸಲಾನೂ ಬಿಚ್ಚಿಸಿ ಮಾಡಿಸಿದ್ದೀನಿ. ಎಣ್ಣೆ ಕುಡೀತದೆ, ವಾರಕ್ಕೊಮ್ಮೆ ನೋಡ್ಬೇಕು. ಬಿಸಿ ಆಗೋ ತನಕ ಒತ್ತಬಾರದು. ಮತ್ತೆ ಕೈಕೊಡೋದಿಲ್ಲ ಅಂತ ನಾನು ಹೇಳೋದಿಲ್ಲ.'

ನನಗೆ ಅಷ್ಟು ಸಾಕಿತ್ತು, ಬೇಡ ಎನ್ನಲು. ಗಾಯತ್ರಿಗೂ ಅಷ್ಟೇ ಸಾಕಾಯಿತು, ತೆಗೆದುಕೊಳ್ಳಲು. ಸುಧಾ ಜಾಹೀರಾತಿನಲ್ಲಿ ಹಾಕಿದ್ದ ಬೆಲೆಗೇ ಗಾಯತ್ರಿ ಒಪ್ಪಿಕೊಂಡಳು. ಒಂದು ರೂಪಾಯಿಯೂ ಚೌಕಾಸಿ ಮಾಡದ ಹೆಂಡತಿಯನ್ನು ನಾನು ಮೊದಲ ಬಾರಿಗೆ ನೋಡಿದೆ. ಸಹಿ, ಹಣ ಎಲ್ಲ ಮುಗಿದಾಗ ಬಿಸಿಲು ಇಳಿಯುತ್ತಿತ್ತು.

ಗಾಯತ್ರಿ ಓಡಿಸಿದಳು. ಪಾತ್ರೆಗಳ ಸದ್ದಿಲ್ಲದ ರಸ್ತೆ ಅವಳಿಗೂ ಹೊಸದು. ಆನವಟ್ಟಿ ದಾಟುವವರೆಗೆ ಕಿಟಕಿ ಇಳಿಸಿಯೇ ಓಡಿಸಿದಳು. ಶಿರಾಳಕೊಪ್ಪದ ದಾರಿಯಲ್ಲಿ ನನ್ನ ಫೋನು ಬಡಿದುಕೊಂಡಿತು. ಸುಧಾಳ ನಂಬರು. ಮನಸ್ಸು ಬದಲಾಗಿದೆ, ಕಾರು ವಾಪಸ್ಸು ಕೇಳುತ್ತಾರೆ ಎಂದುಕೊಂಡೆ. ಇಲ್ಲವೇ ಹೇಳದೆ ಬಿಟ್ಟ ದೋಷವೊಂದನ್ನು ಈಗ ಹೇಳುತ್ತಾರೆ.

'ಅಪ್ಪ ಮಾತಾಡ್ತಾರಂತೆ' ಎಂದಳು ಸುಧಾ.

'ಎಲ್ಲಿದ್ದೀರಿ?' ಎಂದರು ಮಂಜಪ್ಪನವರು. ಹೇಳಿದೆ. 'ಸ್ವಲ್ಪ ಹೊತ್ತು ಫೋನು ಹಂಗೇ ಮುಂದೆ ಇಡ್ರಿ. ಮಾತು ಬ್ಯಾಡ.'

ಸ್ಪೀಕರ್ ಹಾಕಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟೆ. ರಸ್ತೆ ನಿಧಾನವಾಗಿ ಏರುತ್ತಿತ್ತು. ಆ ಕಡೆಯಿಂದ ಉಸಿರಾಟವೂ ಕೇಳಿಸುತ್ತಿರಲಿಲ್ಲ. ಲೈನು ಕಟ್ಟಾಯಿತೇನೋ ಎಂದು ಕೈ ಚಾಚುವಷ್ಟರಲ್ಲಿ ದನಿ ಬಂತು.

'ಮೂರನೇ ಗೇರಿಗೆ ಬರೋಕೆ ಹೇಳ್ರಿ ಅವರಿಗೆ. ದಮ್ಮು ಕಟ್ತಿದೆ ಅದು.'

ನಾನು ಹೇಳಿದರೆ ಎಂದೂ ಕೇಳದ ಗಾಯತ್ರಿ ಗೇರು ಇಳಿಸಿದಳು. ಇಂಜಿನ್ ಹಗುರಾಗಿ ಉಸಿರೆಳೆದುಕೊಂಡು ಏರು ಹತ್ತಿತು.

'ಈಗ ಸರಿ' ಎಂದರು ಮಂಜಪ್ಪನವರು, ಫೋನು ಇಡಲಿಲ್ಲ.